ಮೇಷ್ಟ್ರ ಎದೆ ಮೇಲಿನ ಹುಳ

ಕಲ್ಲು ಕೆತ್ತುವ ಅಂಗಡಿಗೆ ಜನ ಬರುವುದು ಎರಡೇ ಕಾರಣಕ್ಕೆ. ಹೊಸ ಮನೆ ಕಟ್ಟಿದ್ದರೆ ಹೆಸರಿನ ಫಲಕ ಬೇಕು, ಮನೆಯವರು ಯಾರಾದರೂ ತೀರಿಕೊಂಡಿದ್ದರೆ ಸಮಾಧಿಗೆ ಕಲ್ಲು ಬೇಕು. ನಮ್ಮ ಮೇಷ್ಟ್ರು ಮಾತ್ರ ಮೂರನೆಯ ಕಾರಣ ಹಿಡಿದುಕೊಂಡು ಬಂದರು. ಅವರಿಗೆ ಸಗಣಿ ಹುಳ ಬೇಕಿತ್ತು.

ಕೊಳ್ಳೇಗಾಲದಲ್ಲಿ ಹನೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ನನ್ನ ಸೋದರಮಾವನ ಅಂಗಡಿ. ಮಾವ ಕಲ್ಲು ನೋಡಲು ಊರೂರು ತಿರುಗುತ್ತಾನೆ, ನಾನು ಮಿಷನ್ ಮುಂದೆ ಕೂತು ಅಕ್ಷರ ಕೆತ್ತುತ್ತೇನೆ. ಈ ಕೆಲಸದಲ್ಲಿ ನನ್ನ ಕೀರ್ತಿ ಯಳಂದೂರಿನವರೆಗೂ ಹಬ್ಬಿದೆ. ಅಲ್ಲಿಯ ಒಂದು ಹೊಸ ಮನೆಗೂ ಒಂದು ಹೊಸ ಸಮಾಧಿಗೂ ಒಂದೇ ದಿನ ಕಲ್ಲು ಕಳಿಸಿದ್ದೆ. ಗೃಹಪ್ರವೇಶಕ್ಕೆ ಬಂದ ನೆಂಟರು ಗೇಟಿನ ಪಕ್ಕದಲ್ಲಿ ‘ಜನನ, ಮರಣ’ ಎಂದು ಓದಿಕೊಂಡು, ಒಳಗೆ ಹೋಗಿ ಊಟ ಮಾಡಬೇಕೋ ವಾಪಸು ಹೋಗಿ ಸ್ನಾನ ಮಾಡಬೇಕೋ ತಿಳಿಯದೆ ಬೀದಿಯಲ್ಲೇ ನಿಂತಿದ್ದರಂತೆ. ಸಮಾಧಿಯ ಮೇಲೆ ‘ಸುಸ್ವಾಗತ’ ಎಂದಿತ್ತು. ಅದರೊಳಗಿದ್ದವರಿಂದ ದೂರು ಬಂದಿಲ್ಲ ಎಂದು ನಾನು ಮಾವನಿಗೆ ಸಮಾಧಾನ ಹೇಳಿದೆ. ಮಾವನ ಕೈಯಲ್ಲಿ ಆಗ ಸುತ್ತಿಗೆ ಇದ್ದದ್ದರಿಂದ ಮಾತು ಬೆಳೆಸಲಿಲ್ಲ.

ಇಂಥ ಕಲಾವಿದನನ್ನು ಹುಡುಕಿಕೊಂಡು ಮೇಷ್ಟ್ರು ಮೊಪೆಡ್ಡಿನಲ್ಲಿ ಬಂದು, ಹೆಲ್ಮೆಟ್ ತೆಗೆಯದೆಯೇ ನನ್ನ ಎದುರು ನಿಂತರು.

“ಏನ್ಲಾ, ಗುತ್ತಿಗೆದಾರ!”

ಆ ಹೆಸರಿನಿಂದ ನನ್ನನ್ನು ಕರೆಯುವವರು ಭೂಮಿಯ ಮೇಲೆ ಒಬ್ಬರೇ. ಹನೂರು ಕಡೆಯ ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಹೇಳಿಕೊಟ್ಟವರು ಇವರು. ಪಿರಮಿಡ್ಡುಗಳನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ನಾನು ‘ಗುತ್ತಿಗೆದಾರರು’ ಎಂದು ಬರೆದಿದ್ದೆ. ಅವರು ಬೈಯದೆ ಅರ್ಧ ಅಂಕ ಕೊಟ್ಟು, ಉತ್ತರ ಪತ್ರಿಕೆಯನ್ನು ಇಡೀ ಸ್ಟಾಫ್ ರೂಮಿಗೆ ಓದಿ ಹೇಳಿ, ಆಮೇಲೆ ಫೇಲ್ ಮಾಡಿದರು.

ಪಾಠದ ಪುಸ್ತಕದಲ್ಲಿ ಈಜಿಪ್ಟ್ ಇದ್ದದ್ದು ಒಂದೆರಡು ಪುಟ. ಮೇಷ್ಟ್ರ ಬಾಯಲ್ಲಿ ಅದು ಮುಗಿಯುತ್ತಲೇ ಇರಲಿಲ್ಲ. ಮೈಸೂರು ದಾಟಿ ಹೋದವರಲ್ಲ, ಆದರೆ ನೈಲ್ ನದಿ ಸತ್ತೇಗಾಲದ ಆಚೆಗೇ ಹರಿಯುತ್ತದೆ ಎನ್ನುವ ಹಾಗೆ ಮಾತಾಡುತ್ತಿದ್ದರು. ಹೆಣಕ್ಕೆ ಬಟ್ಟೆ ಸುತ್ತುವಾಗ ಪದರ ಪದರದ ನಡುವೆ ತಾಯತ ಇಡುತ್ತಿದ್ದರಂತೆ. ಕೆಟ್ಟದ್ದು ತಾಗದಿರಲಿ ಎಂದು ಒಂದು ಕಣ್ಣು, ಸತ್ತವನು ಎದ್ದು ನಿಲ್ಲುವಂತಾಗಲಿ ಎಂದು ಬೆನ್ನುಮೂಳೆಯ ಥರದ ಒಂದು ಕಂಬ, ತಲೆ ಎಲ್ಲಾದರೂ ಕಳಚಿಹೋದೀತು ಎಂದು ಒಂದು ಪುಟ್ಟ ತಲೆದಿಂಬು. ಮಿದುಳನ್ನು ಮೂಗಿನಿಂದ ಎಳೆದು ಬಿಸಾಡುತ್ತಿದ್ದರಂತೆ, ಅದರಿಂದ ಏನೂ ಪ್ರಯೋಜನವಿಲ್ಲ ಎಂದು. ಅದನ್ನು ಕೇಳಿದ ದಿನವೇ ನನಗೆ ಈಜಿಪ್ಟಿನ ಮೇಲೆ ಪ್ರೀತಿ ಹುಟ್ಟಿತು. ಆ ನಾಡಿನಲ್ಲಾದರೂ ನಾನು ಪಾಸಾಗುತ್ತಿದ್ದೆ.

ಎದೆಯನ್ನು, ಅಂದರೆ ಹೃದಯವನ್ನು, ಮಾತ್ರ ಒಳಗೇ ಬಿಡುತ್ತಿದ್ದರು. ಯೋಚನೆ, ನೆನಪು, ಮಾಡಿದ ಪಾಪ ಎಲ್ಲ ಇರುವುದು ಅಲ್ಲೇ ಎಂದು ಅವರ ನಂಬಿಕೆ. ಸತ್ತ ಮೇಲೆ ತಕ್ಕಡಿಯ ಒಂದು ಬದಿಗೆ ಎದೆ, ಇನ್ನೊಂದು ಬದಿಗೆ ಒಂದು ಗರಿ. ಎದೆ ಭಾರವಾದರೆ ಪಕ್ಕದಲ್ಲೇ ಮೊಸಳೆ ಮೂತಿಯ ಒಂದು ಪ್ರಾಣಿ ಬಾಯಿ ಕಳೆದುಕೊಂಡು ಕಾಯುತ್ತಿರುತ್ತದೆ. ಅಲ್ಲಿ ಸಾಕ್ಷಿ ಹೇಳುವುದು ಬೇರೆ ಯಾರೂ ಅಲ್ಲ, ಅವರವರ ಎದೆಯೇ. ಅದಕ್ಕೇ ಜಾಣರು ಎದೆಯ ಮೇಲೆ ಕಲ್ಲಿನ ಒಂದು ಸಗಣಿ ಹುಳ ಇಡಿಸಿಕೊಳ್ಳುತ್ತಿದ್ದರು. ಹುಳದ ಹೊಟ್ಟೆಯ ಮೇಲೆ ‘ನನ್ನ ಮೇಲೆ ಚಾಡಿ ಹೇಳಬೇಡ’ ಎಂಬರ್ಥದ ಮಂತ್ರ ಕೊರೆದಿರುತ್ತಿತ್ತು.

ಇದನ್ನು ಮೇಷ್ಟ್ರು ಕ್ಲಾಸಿನಲ್ಲಿ ಆಡಿಸಿಯೇ ತೋರಿಸುತ್ತಿದ್ದರು. ತರಕಾರಿ ತಕ್ಕಡಿ ಬರುತ್ತಿತ್ತು, ಕೋಳಿ ಗರಿ ಬರುತ್ತಿತ್ತು. ಒಬ್ಬ ಸತ್ತವನು, ಅವನ ಬೆಂಚಿನ ಗೆಳೆಯ ಅವನ ಎದೆ. ಎದೆ ಎದ್ದು ನಿಂತು ಇವನು ಮಾಡಿದ್ದನ್ನೆಲ್ಲ ಹೇಳಬೇಕು. ನಾನು ಸತ್ತಾಗ ನನ್ನ ಎದೆಯಾಗಿದ್ದವನು ಮನೆಯಲ್ಲಿ ತಮಿಳಾಡುವ ಹುಡುಗ. ಅವನು ಎದ್ದ ತಕ್ಷಣ, “ಸಾರ್, ಇವನ್ ತಿರುಡನ್ ಸಾರ್!” ಎಂದ. ಕಳ್ಳ ಎಂದರ್ಥ. ನಾನು ಹೋ ಎಂದು ಎದ್ದೆ. “ಸಾ, ಕನ್ನಡದಲ್ಲಿ ಯೋಳಕ್ಕೆ ಯೋಳಿ ಸಾ! ತಮಿಳಲ್ಲಿ ಯೋಳುದ್ರೆ ಲೆಕ್ಕಕ್ಕಿಲ್ಲ!”

“ಎದೆಗೆ ಯಾವ ಭಾಷೆ ಆದ್ರೂ ಆಯ್ತದೆ ಕಣ್ಲಾ, ಕೂತ್ಕೋ. ನೀನು ಸತ್ತೋಗಿದ್ದೀಯ,” ಎಂದರು ಮೇಷ್ಟ್ರು.

ಸೀಬೆಕಾಯಿ ಕದ್ದದ್ದು, ಹೋಮ್‌ವರ್ಕ್ ಕದ್ದದ್ದು, ಕುಂತೂರು ಕಡೆಗೆ ಹೋಗುವ ಟ್ರ್ಯಾಕ್ಟರಿನಿಂದ ಕಬ್ಬು ಎಳೆಯಲು ಹೋಗಿ ಕಬ್ಬಿನ ಜೊತೆ ನಾನೂ ಅಷ್ಟು ದೂರ ಎಳೆಸಿಕೊಂಡು ಹೋದದ್ದು, ಎಲ್ಲ ಎರಡು ಭಾಷೆಯಲ್ಲಿ ಹೊರಬಂತು. ಆಮೇಲೆ ಮೇಷ್ಟ್ರು ಜೇಬಿನಿಂದ ಜೇಡಿಮಣ್ಣಿನ ಹುಳ ತೆಗೆದು ನನ್ನ ಎದೆಗೆ ಒತ್ತಿ ಹಿಡಿದರು. ಹುಳ ಬಂದ ಮೇಲೆ ಎದೆ ಬಾಯಿ ಮುಚ್ಚಲೇಬೇಕು, ಅದು ಆಟದ ನಿಯಮ. ಅವನು ಮುಚ್ಚಿದ. ಅಷ್ಟರಲ್ಲಿ ಹೇಳಲು ಏನೂ ಉಳಿದಿರಲಿಲ್ಲ ಅನ್ನುವುದು ಬೇರೆ ಮಾತು.

ಮೇಷ್ಟ್ರು ರಿಟೈರ್ ಆಗಿ ಧನಗೆರೆಯ ತಮ್ಮ ಮನೆಗೆ ಬಂದ ಮೇಲೆ ಮಣ್ಣಿನ ಹುಳ ಸಾಲದಾಯಿತು. ಮಣ್ಣಿನದು ಒಡೆಯುತ್ತದೆ, ಕಲ್ಲಿನದೇ ಆಗಬೇಕು. ಸುತ್ತಮುತ್ತಲ ಸ್ಕೂಲುಗಳಿಗೆ ಹೋಗಿ ಹುಡುಗರಿಗೆ ತೋರಿಸುವುದಕ್ಕೆ ಒಂದು ಪೂರ್ತಿ ಸೆಟ್ಟು ಬೇಕು. ನಮ್ಮ ಅಂಗಡಿಯ ಹಿಂದೆ ಬಿದ್ದಿದ್ದ ಕರಿಕಲ್ಲಿನ ಚೂರುಗಳಲ್ಲಿ ಈಜಿಪ್ಟ್ ಕೆತ್ತುವ ಜವಾಬ್ದಾರಿ ನನ್ನ ತಲೆಗೆ ಬಿತ್ತು.

ಮೊದಲ ಕಣ್ಣು ಕೆತ್ತಿ ಕೊಟ್ಟೆ. ನೋಡಿದರು. “ಲೇ, ಇದು ದೇವ್ರ ಕಣ್ಣಾ, ಮದ್ವೆ ಎಣ್ಣಿನ್ ಕಣ್ಣಾ? ಇಷ್ಟೊಂದ್ ರೆಪ್ಪೆ ಯಾಕ್ಲಾ?” ತುದಿಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗಿರುವ ಆ ಕಂಬ ಕೆತ್ತಿ ಕೊಟ್ಟೆ. “ಇದ್ರಲ್ಲಿ ಇಡ್ಲಿ ಬೇಯುಸ್ಬೋದು,” ಎಂದರು. ಹುಳ ನಾಲ್ಕೈದು ಸಲ ಆಮೆಯಾಗಿ, ಒಂದು ಸಲ ಜಿರಳೆಯಾಗಿ, ಒಂದು ಸಲ, ನನಗೇ ತಿಳಿಯದ ಹಾಗೆ, ನಮ್ಮ ಮಾವನ ಮುಖವಾಗಿ ಹುಟ್ಟಿತು. ಕೊನೆಗೆ ಮೇಷ್ಟ್ರೇ ಒಂದು ಜೀವಂತ ಸಗಣಿ ಹುಳವನ್ನು ಬೆಂಕಿಪೊಟ್ಟಣದಲ್ಲಿ ತಂದು ಮಿಷನ್ ಪಕ್ಕ ಇಟ್ಟರು. ಅದು ನನ್ನ ಟಿಫನ್ ಡಬ್ಬಿಯ ಕಡೆಗೆ ಹೊರಟಿತು. ಮೇಷ್ಟ್ರು ಕೈಮುಗಿಯುವವರ ಹಾಗೆ ಬಗ್ಗಿ ಅದನ್ನೇ ನೋಡುತ್ತಿದ್ದರು.

“ಸೂರ್ಯನ್ನೇ ಉರುಳುಸ್ಕಂಡು ಓಯ್ತದೆ ಅಂತ ತಿಳ್ಕಂಡಿದ್ರು ಕಣ್ಲಾ ಇದ್ನ.”

“ಈಗ ನನ್ ಚಿತ್ರಾನ್ನ ಉರುಳುಸ್ಕಂಡು ಓಯ್ತದೆ ಸಾ, ಎತ್ಕಳಿ.”

ಕೊಳ್ಳೇಗಾಲ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮಾಟ. ನಾನು ಮೈಸೂರಿನಲ್ಲಿ ಓದುವಾಗ (ಓದಿದೆ ಎನ್ನುವುದು ಮನೆಯವರ ನಂಬಿಕೆ) ರೂಮಿನವನು ನನ್ನ ಊರಿನ ಹೆಸರು ಕೇಳಿ ಕಿಟಕಿ ಪಕ್ಕದ ಮಂಚವನ್ನು ತಾನಾಗಿ ಬಿಟ್ಟುಕೊಟ್ಟಿದ್ದ. ಹೊರಗಿನವರ ವಿಷಯ ಬಿಡಿ, ನಮ್ಮೂರಿನವರಿಗೂ ದಾರಿಯಲ್ಲಿ ನಿಂಬೆಹಣ್ಣು ಕಂಡರೆ ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಇಂಥ ಊರಿನಿಂದ ಮೇಷ್ಟ್ರು ಒಂದು ದಿನ ಅಲ್ಲಿಯವರೆಗೆ ಆಗಿದ್ದ ಸೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು ಮೈಸೂರಿನ ಬಸ್ಸು ಹತ್ತಿದರು. ಬ್ಯಾಗಿನ ಜಿಪ್ಪು ಬಿಟ್ಟುಕೊಂಡು ಕರಿ ಕಣ್ಣು, ಕರಿ ಕಂಬ, ಕರಿ ಹುಳ ಎಲ್ಲ ಬಸ್ಸಿನ ನಡುವೆ ಉರುಳಿದವು. ಮರುದಿನ ಬಂದು ಹೇಳಿದರು: “ಮುಂದ್ಲು ಮೂರು ಸೀಟು, ಇಂದ್ಲು ಮೂರು ಸೀಟು ಖಾಲಿ ಆಗೋಯ್ತು ಕಣ್ಲಾ. ಕಂಡಕ್ಟ್ರು ಟಿಕೆಟ್ ಕೇಳಕ್ಕೂ ಬರ್ಲಿಲ್ಲ. ನಾನೇ ಕೂಗಿ ಕರ್ದು ತಕಂಡೆ. ಮೈಸೂರ್ ಗಂಟ ಕಾಲು ಚಾಚ್ಕಂಡು ಮಲಿಕ್ಕಂಡು ಓದೆ.”

ಈಜಿಪ್ಟಿನ ತಾಯತಗಳಿಗೆ ನಿಜವಾದ ಉಪಯೋಗ ಕಂಡುಹಿಡಿದವರು ಮಾತ್ರ ಮೇಷ್ಟ್ರ ಹೆಂಡತಿ, ನಾನು ಅಮ್ಮ ಎನ್ನುವವರು. ನಾನು ಮೊದಲ ಸಲ ಧನಗೆರೆಯ ಮನೆಗೆ ಹೋದಾಗ ಅಂಗಳದಲ್ಲಿ ಸಂಡಿಗೆ ಒಣಗುತ್ತಿತ್ತು. ಬಟ್ಟೆಯ ನಾಲ್ಕು ಮೂಲೆಯಲ್ಲಿ ನಾನು ಕೆಡಿಸಿದ ನಾಲ್ಕು ಕಲ್ಲುಗಳು ಕೂತಿದ್ದವು.

“ಆ ರೆಪ್ಪೆ ಕಣ್ಣು ಬೋ ವಾಸಿ ಕಣಪ್ಪ,” ಎಂದರು ಅಮ್ಮ. “ಅದ್ನ ಮಡುಗುದ್ ಮೇಲೆ ಕಾಗೆ ಅತ್ರಕ್ಕೇ ಬರಕಿಲ್ಲ.”

ನನ್ನ ಕೆಲಸವನ್ನು ಹೊಗಳಿದ ಮೊದಲ ಮನುಷ್ಯರು ಅವರು. ಊಟಕ್ಕೆ ಕೂರಿಸಿದರು. ಮುದ್ದೆ, ಉಪ್ಸಾರು. ನಾನು ಬೆರಳು ನೆಕ್ಕಿದೆ. ಅಮ್ಮ ಗಂಡನ ಕಡೆ ತಿರುಗಿ, “ಎಂಗದೆ ಉಪ್ಸಾರು?” ಎಂದು ಕೇಳಿದರು.

ಮೇಷ್ಟ್ರು ತುತ್ತು ನುಂಗಿ, “ಈಜಿಪ್ಟ್‌ನೋರ್ ರೊಟ್ಟೀಲಿ ಮರಳಿರ್ತಿತ್ತು ಕಣ್ಲಾ,” ಎಂದು ನನಗೆ ಹೇಳಿದರು. “ತಿಂದು ತಿಂದು ರಾಜ್ರುಗಳ ಹಲ್ಲೂ ಸವ್ದೋಗಿದ್ವು.”

“ನೋಡ್ದಾ?” ಎಂದರು ಅಮ್ಮ. “ನಾನ್ ಕೇಳಿದ್ದು ಉಪ್ಸಾರು, ಇವ್ರು ಯೋಳಿದ್ದು ಸತ್ತೋರ್ ಹಲ್ಲು. ಮದ್ವೆ ಆದಾಗಿಂದ್ಲೂ ಇಂಗೆಯ.”

ಅದು ನಿಜ. ಸಾವಿರಾರು ವರ್ಷದ ಹಿಂದೆ ಸತ್ತವರ ಒಳಗೆಲ್ಲ ಕೈ ಹಾಕಿ ಹೇಳುತ್ತಿದ್ದ ಮೇಷ್ಟ್ರು ತಮ್ಮ ಒಳಗಿನದನ್ನು ಒಂದು ದಿನವೂ ಹೊರಗೆ ಹಾಕಿದವರಲ್ಲ. ಖುಷಿಯಾದರೂ ಈಜಿಪ್ಟ್, ಬೇಜಾರಾದರೂ ಈಜಿಪ್ಟ್. ನಾನು ಮೇಲಿಂದ ಮೇಲೆ ಕೆತ್ತಿ ಕೊನೆಗೂ ಒಂದು ಹುಳವನ್ನು ಹುಳದ ಹಾಗೇ ತೆಗೆದು ಕೊಟ್ಟಾಗ, ಭೇಷ್ ಎನ್ನುತ್ತಾರೆ ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು. ಮಾರನೆಯ ದಿನ ಬಂದು ಮತ್ತೆ ಅದೇ ಹುಳವನ್ನು ಮೇಜಿನ ಮೇಲಿಟ್ಟರು.

“ಇದು ಸೆಟ್‌ಗಲ್ಲ. ನಂಗೆ.”

ಅದಕ್ಕೆ ಸ್ವಲ್ಪ ಮುಂಚೆ ಮೈಸೂರಿನ ಡಾಕ್ಟರು ಅವರ ಎದೆ ಸರಿಯಿಲ್ಲ ಎಂದಿದ್ದರಂತೆ. ಅದನ್ನೂ ಅವರು ನನಗೆ ಹೇಳಿದ್ದು ಯಾವುದೋ ಫೇರೋನ ರಕ್ತನಾಳದ ಕಥೆಯ ನಡುವೆ.

“ನಾನು ಸತ್ತೋದಾಗ ಇದ್ನ ಎದೆ ಮೇಲೆ ಮಡುಗ್ಬೇಕು. ನೀನೇ ಮಡುಗ್ಬೇಕು.”

“ನಾನ್ಯಾಕ್ ಸಾ? ನಿಮ್ ನೆಂಟ್ರು ಅಷ್ಟೊಂದ್ ಜನ ಅವ್ರೆ.”

“ಅವ್ರಿಗೆಲ್ಲ ಮರ್ವಾದೆ ಅದೆ ಕಣ್ಲಾ, ಓಯ್ತದೆ ಅಂತ ಎದುರ್ಕತಾರೆ. ನಿಂಗೇನು?”

ಇದು ಬೈಗುಳವೋ ಬಿರುದೋ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಹುಳದ ಹೊಟ್ಟೆಯ ಮೇಲೆ ಕೊರೆಯಬೇಕಾದ ಮಾತು ಬರೆದುಕೊಟ್ಟರು. ಎಲೈ ಹೃದಯವೇ ಎಂದು ಶುರುವಾಗಿ ಮೂರು ಸಾಲು ಇತ್ತು.

“ಸಾ, ಇದು ಉಳ. ಶಾಸನದ್ ಕಲ್ಲಲ್ಲ. ಇಷ್ಟೆಲ್ಲ ಕೊರೀಬೇಕು ಅಂದ್ರೆ ಎಮ್ಮೆ ಮಾಡ್ಬೇಕಾಯ್ತದೆ.”

ಚೌಕಾಸಿಗೆ ಕೂತೆವು. ಅವರು ಒಂದು ಸಾಲು ಬಿಟ್ಟರು, ನಾನು ಇನ್ನೊಂದು ಸಾಲು ಹೊಡೆದೆ. ಕೊನೆಗೆ ನಾನೇ, “ಸಾ, ನಿಮ್ ಎದೆ ಏನು ಈಜಿಪ್ಟ್‌ದಾ? ಇಲ್ಲಿದು. ಅದುಕ್ಕೆ ಅರ್ಥ ಆಗಂಗೆ ಬರೀರಿ,” ಎಂದೆ. ಅವರು ನಕ್ಕರು. ಹೀಗೆ ಕೊಳ್ಳೇಗಾಲದ ಮೊತ್ತಮೊದಲ ಎದೆಹುಳದ ಹೊಟ್ಟೆಯ ಮೇಲೆ ಒಂದೇ ಒಂದು ಮಾತು ಬಿತ್ತು: ಸುಮ್ನಿರು.

ಕೊರೆದು ಮುಗಿಸಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ಲಾ ಸಾ, ಬಾಯ್ ಮುಚ್ಚುಸೋ ಅಂಥದ್ದು ಏನದೆ ನಿಮ್ ಎದೇಲಿ?”

“ಲೇ, ಅದ್ನ ಯೋಳಂಗಿದ್ರೆ ಈ ಉಳ ಯಾಕ್ಲಾ ನಂಗೆ?” ಎಂದರು. ಹುಳವನ್ನು ನನ್ನ ಕೈಯಲ್ಲೇ ಬಿಟ್ಟು, “ನಿನ್ ಅತ್ರನೇ ಇರ್ಲಿ. ಮನೇಲಿದ್ರೆ ಸಂಡಿಗೆ ಕಾಯಕ್ಕೆ ಓಯ್ತದೆ. ಮಾತು ಕೊಡು,” ಎಂದು ಕೈ ಚಾಚಿದರು.

ನಾನು ಕೊಟ್ಟೆ. ಫಲಕ ಶುಕ್ರವಾರ ಸಿಗುತ್ತದೆ ಎಂದು ಗಿರಾಕಿಗಳಿಗೆ ದಿನಾ ಮಾತು ಕೊಡುವವನು ನಾನು. ಆದರೆ ಇದನ್ನು ಕೊಡುವ ಮುಂಚೆ ಕೈಯ ಕಲ್ಲುಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಹೋದ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರು ತಿಂಡಿ ತಿಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ಯಾರದೋ ಮನೆಗೆ ‘ಆನಂದ ನಿಲಯ’ ಕೆತ್ತುತ್ತಿದ್ದೆ. ಆ ಫಲಕದಲ್ಲಿ ಆನಂದ ಈಗಲೂ ಸ್ವಲ್ಪ ಸೊಟ್ಟಗಿದೆ. ಹುಳವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಧನಗೆರೆಗೆ ಬೈಕ್ ಓಡಿಸಿದೆ.

ಅವರ ಮನೆತನದಲ್ಲಿ ಸುಡುವುದಿಲ್ಲ. ಸ್ವಂತ ಜಮೀನಿನ ಅಂಚಿನಲ್ಲಿ ಗುಂಡಿ ತೋಡಿ, ಅದರೊಳಗೆ ಗೂಡು ಮಾಡಿ, ಕೂರಿಸಿ ಮಣ್ಣು ಮಾಡುತ್ತಾರೆ. ಎಡಗೈಯಲ್ಲಿ ಲಿಂಗ. ಬಂದವರೆಲ್ಲ ವಿಭೂತಿ, ಬಿಲ್ವಪತ್ರೆ ಹಾಕುತ್ತಾರೆ. ಮೇಷ್ಟ್ರು ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಯಾರಾದರೂ ತಪ್ಪು ಉತ್ತರ ಹೇಳಲಿ ಎಂದು ಕಾಯುತ್ತಿರುವವರ ಹಾಗೆ. ನಾನು ಹಳೆಯ ಅಭ್ಯಾಸದಂತೆ ಕೈಕಟ್ಟಿ ನಿಂತೆ. ಆದರೆ ಕೆಲಸ ಬಾಕಿ ಇತ್ತು.

ನನ್ನ ಉಪಾಯ ಸರಳ. ಹಿಡಿ ವಿಭೂತಿಯೊಳಗೆ ಹುಳ ಮುಚ್ಚಿಕೊಂಡು, ಕೊನೆಯ ಸಲ ನಮಸ್ಕಾರ ಮಾಡುವವನ ಹಾಗೆ ಗುಂಡಿಯೊಳಗೆ ಬಗ್ಗಿ, ಹಾರದ ಸಂದಿಯಲ್ಲಿ ಎದೆಯ ಮೇಲೆ ಇಟ್ಟು ಎದ್ದುಬಿಡುವುದು. ಕಳ್ಳರೂ ಮೆಚ್ಚುವಂಥ ಉಪಾಯ. ಅದರಲ್ಲಿ ಇದ್ದ ಒಂದೇ ದೋಷ ಅದನ್ನು ನಾನು ಮಾಡಬೇಕಿತ್ತು ಎನ್ನುವುದು. ಬಗ್ಗಿದೆ. ಅಂಚಿನ ಹಸಿಮಣ್ಣು ಜಾರಿತು. ವಿಭೂತಿ ಇಡೀ ನನ್ನ ಮುಖಕ್ಕೇ ಹಾರಿತು. ಹುಳ ಕೈಯಿಂದ ಚಿಮ್ಮಿ, ಗುಂಡಿಯ ಕಲ್ಲಿಗೆ ಟಣ್ ಎಂದು ಬಡಿದು, ಪೂಜೆ ಮಾಡಿಸುತ್ತಿದ್ದ ಅಯ್ಯನವರ ತಟ್ಟೆಯೊಳಗೆ ಹೋಗಿ ಬಿತ್ತು. ಅಂಗಾತ ಬಿತ್ತು.

ಅಯ್ಯನವರು ಬಗ್ಗಿ ಓದಿದರು. “ಸುಮ್ನಿರು.”

ಎಲ್ಲರೂ ಸುಮ್ಮನಾದರು.

ಕರಿಕಲ್ಲಿನ ಹುಳ, ಹೊಟ್ಟೆಯ ಮೇಲೆ ಅಕ್ಷರ, ಅದೂ ಹೆಣದ ಗುಂಡಿಯಲ್ಲಿ. ನಮ್ಮ ತಾಲೂಕಿನಲ್ಲಿ ಇದಕ್ಕೆ ವಿವರಣೆ ಯಾರಿಗೂ ಬೇಕಿಲ್ಲ.

“ಬಾಯ್ ಕಟ್ಟು!” ಎಂದು ಹಿಂದಿನಿಂದ ಯಾರೋ ಕೂಗಿದರು. ಬಾಯಿ ಕಟ್ಟುವುದು ಎಂದರೆ ಎದುರಾಳಿಯ ಮಾತು ನಿಲ್ಲಿಸಲು ಮಾಡಿಸುವ ಮಾಟ. ಜನ ಒಂದೇ ಉಸಿರಿಗೆ ಅಷ್ಟು ದೂರ ಸರಿದರು. ಗುಂಡಿಯ ಹತ್ತಿರ ಉಳಿದದ್ದು ಮೇಷ್ಟ್ರು ಮತ್ತು ನಾನು, ಇಬ್ಬರ ಮುಖದ ಮೇಲೂ ವಿಭೂತಿ. ಮೇಷ್ಟ್ರ ಬಾಮೈದ ಬಂದು ನನ್ನ ಕೊರಳಪಟ್ಟಿ ಹಿಡಿದರು.

“ಯಾವನ್ಲಾ ಕಳ್ಸಿದ್ದು ನಿನ್ನ? ಯಾರ್ ಬಾಯ್ ಕಟ್ಟಕ್ ಬಂದಿದ್ಯಲಾ? ಕೋರ್ಟಲ್ಲಿರೋ ನಮ್ ಜಮೀನ್ ಕೇಸಿಗಾ?”

“ಅಯ್ಯೋ ಇಲ್ಲ ಕಣ್ರಣ್ಣ! ಇದು ಮಾಟ ಅಲ್ಲ. ಈಜಿಪ್ಟ್‌ದು! ಅಲ್ಲಿ ಎಣದ್ ಎದೆ ಮೇಲೆ ಇದ್ನ ಮಡುಗುದ್ರೆ, ಎದೆ ಮಾತಾಡಕಿಲ್ಲ...”

ವಿವರಿಸಿದಷ್ಟೂ ಕೆಡುತ್ತಿದೆ ಎಂದು ನನಗೇ ಗೊತ್ತಾಗುತ್ತಿತ್ತು.

“ಫಾರಿನ್ ಮಾಟ!” ಎಂದಿತು ಗುಂಪು.

“ನಮ್ಮೂರ್ದು ಸಾಲ್ದು ಅಂತ ಫಾರಿನ್‌ದು ತಂದವ್ನೆ, ಎಡೆಮುರಿ ಕಟ್ರುಲಾ!” ಎಂದರು ಒಬ್ಬ ಹಿರಿಯರು. ಹಾಗೆಂದವರೇ ಗಲಾಟೆಯ ನಡುವೆ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ, “ಬದ್ಕಿರೋರ್ ಮೇಲೂ ಕೆಲ್ಸ ಮಾಡ್ತದಾ ಇದು? ನಮ್ಮನೇಲಿ ಒಬ್ರವ್ರೆ,” ಎಂದರು.

ಅಷ್ಟರಲ್ಲಿ, “ಬುಡ್ರೋ ಅವನ್ನ,” ಎಂಬ ದನಿ ಕೇಳಿತು. ಗುಂಡಿಯ ಆಚೆ ಹೆಂಗಸರ ನಡುವೆ ಕೂತಿದ್ದ ಅಮ್ಮ ಎದ್ದು ಬಂದಿದ್ದರು. ತಟ್ಟೆಯಿಂದ ಹುಳ ಎತ್ತಿಕೊಂಡರು. ಉಳಿದವರೆಲ್ಲ ಉಸಿರು ಹಿಡಿದರು. ಅವರು ಅದನ್ನು ಸೆರಗಿನಿಂದ ಒರೆಸಿ, ತಿರುಗಿಸಿ ಓದಿ, “ಮನೇಲಿ ಇಂಥವು ಒಂದ್ ಬುಟ್ಟಿ ಅವೆ, ಎದುರ್ಕಬ್ಯಾಡಿ,” ಎಂದು ತಮ್ಮನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದೊಂದ್ನ ಮಾತ್ರ ನಂಗೆ ತೋರ್ಸಿರ್ನಿಲ್ವಲ್ಲ. ಏನಪ್ಪ ಇದು?”

ನಾನು ಸಣ್ಣ ದನಿಯಲ್ಲಿ ಹೇಳಿದೆ. ತಕ್ಕಡಿ, ಗರಿ, ಸಾಕ್ಷಿ. ಮೇಷ್ಟ್ರು ಕೇಳಿದ್ದು, ನಾನು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟದ್ದು. “ಮಡುಗ್ಬುಡ್ತೀನಿ ಅಮ್ಮಾ. ಅವ್ರು ಕೇಳಿದ್ದು ಇದೊಂದೇ.”

ಅಮ್ಮ ಗೂಡಿನೊಳಗೆ ಕೂತಿದ್ದ ಗಂಡನನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಅವರ ಮುಖದಲ್ಲಿ ನಾನು ನಿರೀಕ್ಷಿಸದ ಒಂದು ನಗು ಬಂತು.

“ಅಂದ್ರೆ ಅಲ್ಲೂ ಬಾಯ್ ಬುಡ್ದಂಗೆ ಏರ್ಪಾಡು ಮಾಡ್ಕಂಡವ್ರೆ ಅನ್ನು.”

ನಾನು ಮುಖದ ವಿಭೂತಿ ಒರೆಸಿಕೊಂಡೆ.

“ನಾನು ಮೈಸೂರಾಸ್ಪತ್ರೇಲಿ ಸಾಯಂಗಿದ್ದಾಗ ಮಗ್ಲಲ್ಲಿ ಕೂತ್ಕಂಡು ಯಾವ್ದೋ ರಾಣಿ ಕತೆ ಯೋಳುದ್ರು. ಬೆಳುಗ್ಗೆ ಗಂಟ ಯೋಳುದ್ರು. ಕೈ ನಡುಗ್ತಿತ್ತು. ಭಯ ಆಯ್ತದೆ ಕಣೆ ಅಂತ ಒಂದ್ ಮಾತು ಬಾಯಿಂದ ಬರ್ನಿಲ್ಲ.” ಹುಳವನ್ನು ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದರು. ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದರು. “ಬ್ಯಾಡ. ಅಲ್ಲಾದ್ರೂ ಯಾರೋ ಕೂರುಸ್ಕಂಡು ಕೇಳ್ತಾರಂತಲ್ಲ. ಯೋಳ್ಲಿ ಅವ್ರ್ ಎದೆ.”

ಬಾಮೈದ ನನ್ನ ಕೊರಳಪಟ್ಟಿ ಬಿಟ್ಟು, ಅದನ್ನು ಕೈಯಿಂದ ಸವರಿ ಸರಿಮಾಡಿದರು. ಅಯ್ಯನವರು ಮಂತ್ರವನ್ನು ಎಲ್ಲಿಗೆ ಬಿಟ್ಟಿದ್ದೆ ಎಂದು ಹುಡುಕಿ ಮುಂದುವರಿಸಿದರು. ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು. ಮಣ್ಣು ಎಳೆಯಲು ಸನಿಕೆ ಹಿಡಿದವರು ನನ್ನ ಮುಖ ನೋಡಿದರು, ನಿನ್ನದು ಆಯಿತೇ ಎನ್ನುವ ಹಾಗೆ.

ಇನ್ನೊಂದು ಹಿಡಿ ವಿಭೂತಿ ತೆಗೆದುಕೊಂಡೆ. ಈ ಸಲ ಕಾಲು ಗಟ್ಟಿಯಾಗಿ ಊರಿ ಬಗ್ಗಿದೆ. ಮೇಷ್ಟ್ರ ಎದೆಯ ಮೇಲೆ ಅದನ್ನು ಹಾಕಿ, ಬೇರೆ ಯಾರಿಗೂ ಕೇಳದ ಹಾಗೆ ಅವರ ಕಿವಿಯಲ್ಲಿ ಹೇಳಿದೆ:

“ಸಾ, ಅಮ್ಮಾವ್ರು ಬುಡ್ಲಿಲ್ಲ. ಏನೇನ್ ಯೋಳ್ಬೇಕೋ ಓಗ್ತಾ ದಾರೀಲೇ ಜೋಡುಸ್ಕಳಿ.”